ಸೊನ್ನೆ ಎಂದು ಬರೆದ ಖಾನೆ

ಬೆಂಗಳೂರಿನ ಬಸವೇಶ್ವರನಗರಕ್ಕೆ ಅಂಟಿಕೊಂಡಂತಿರುವ ಶಿವನಗರದಲ್ಲಿ ನಿಸರ್ಗ ಭವನ ಎಂಬ ಕಟ್ಟಡವಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗಳು ಅಲ್ಲಿವೆ. ಆಸ್ಪತ್ರೆಯ ವಿಷಯ ಹೇಳಲು ಬಂದವರು ಮಾಲಿನ್ಯ ಮಂಡಳಿಯ ವಿಳಾಸ ಹೇಳುತ್ತಿದ್ದಾರಲ್ಲ ಎನ್ನಬೇಡಿ, ಸಂಬಂಧ ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ದೊಡ್ಡ ಆಸ್ಪತ್ರೆಯಿಂದ ಹಿಡಿದು ಒಂದೇ ಕೋಣೆಯ ಕ್ಲಿನಿಕ್ಕಿನವರೆಗೆ ಎಲ್ಲರೂ ಪ್ರತಿವರ್ಷ ಜೂನ್ 30ರೊಳಗೆ ಮಂಡಳಿಗೆ ಒಂದು ವಾರ್ಷಿಕ ವರದಿ ಕೊಡಬೇಕು. ನಮೂನೆ 4 ಎಂದು ಅದರ ಹೆಸರು. ಹಳದಿ ಚೀಲದಲ್ಲಿ ಎಷ್ಟು ಕಿಲೋ ಹೋಯಿತು, ಕೆಂಪು ಚೀಲದಲ್ಲಿ ಎಷ್ಟು ಎಂಬ ಲೆಕ್ಕದ ಜೊತೆಗೆ ಅದರಲ್ಲಿ ಇನ್ನೊಂದು ಖಾನೆ ಇದೆ: ವರ್ಷದಲ್ಲಿ ಎಷ್ಟು ಅಪಘಾತವಾಯಿತು, ಎಷ್ಟು ಜನರಿಗೆ ತೊಂದರೆಯಾಯಿತು, ಏನು ಕ್ರಮ ತೆಗೆದುಕೊಂಡಿರಿ?

ಕಸದ ಲಾರಿ ಮಗುಚಿದರೆ, ಆ ಕಸ ಕೆರೆಗೋ ಹೊಳೆಗೋ ಬಿದ್ದರೆ ಅದು ನಿಯಮದ ಪ್ರಕಾರ ದೊಡ್ಡ ಅಪಘಾತ, ಕೂಡಲೇ ತಿಳಿಸಬೇಕು. ಸೂಜಿ ಚುಚ್ಚಿಕೊಂಡದ್ದು ದೊಡ್ಡ ಅಪಘಾತವಲ್ಲ ಎಂದು ನಿಯಮ ಬಿಡಿಸಿಯೇ ಹೇಳಿದೆ. ಹಾಗಾಗಿ ಕಸದ ಚೀಲ ಕಟ್ಟುವಾಗ ಆಯಾ ಒಬ್ಬರ ಅಂಗೈಗೆ ಸೂಜಿ ಹೊಕ್ಕರೆ ಅದು ವರ್ಷದ ಕೊನೆಗೆ ಈ ಖಾನೆಯಲ್ಲಿ ಒಂದು ಅಂಕಿಯಾಗಿ ಸೇರಬೇಕು. ಸಿಸ್ಟರ್ ಒಬ್ಬರು ರೋಗಿಯ ರಕ್ತ ತೆಗೆಯುವಾಗ ಚುಚ್ಚಿಕೊಂಡದ್ದು ಕಸದ ಲೆಕ್ಕಕ್ಕೂ ಬರುವುದಿಲ್ಲ, ಅದನ್ನು ಆಸ್ಪತ್ರೆ ತನ್ನ ಪುಸ್ತಕದಲ್ಲೇ ಬರೆದಿಟ್ಟುಕೊಳ್ಳಬೇಕು. ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆ ಬಯಸುವ ಆಸ್ಪತ್ರೆಗಳಿಗಂತೂ ಈ ಲೆಕ್ಕ ಇಡುವುದು ಕಡ್ಡಾಯ.

ಇಂಥ ಪುಸ್ತಕದಲ್ಲಿ ವರ್ಷವಿಡೀ ಸೊನ್ನೆ ಇದ್ದರೆ ಆಸ್ಪತ್ರೆಯವರು ಸಂತೋಷಪಡಬೇಕೆ? ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಸೊನ್ನೆ ಕಂಡರೆ ನನಗಂತೂ ಅನುಮಾನ ಬರುತ್ತದೆ. ಯಾಕೆಂದು ಹೇಳುತ್ತೇನೆ.

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿರಲಿ, ವಿಜಯನಗರದ ಸಣ್ಣ ನರ್ಸಿಂಗ್ ಹೋಂ ಇರಲಿ, ಕೆಂಗೇರಿಯಾಚೆಗಿನ ಮೆಡಿಕಲ್ ಕಾಲೇಜಿರಲಿ, ಕೆಲಸದ ಸ್ವರೂಪ ಒಂದೇ. ರಕ್ತ ತೆಗೆಯುವ ಹೊತ್ತಿಗೆ ರೋಗಿ ಕೈ ಎಳೆದುಕೊಳ್ಳುತ್ತಾನೆ. ಇಂಜೆಕ್ಷನ್ ಕೊಟ್ಟಾದ ಮೇಲೆ ಸೂಜಿಗೆ ಕ್ಯಾಪ್ ಹಾಕಲು ಹೋಗಿ ಎಡಗೈ ಬೆರಳಿಗೆ ಚುಚ್ಚುತ್ತದೆ. ಹೆರಿಗೆ ಕೋಣೆಯಲ್ಲಿ ರಕ್ತ ಕಣ್ಣಿಗೆ ಸಿಡಿಯುತ್ತದೆ. ಲ್ಯಾಬಿನಲ್ಲಿ ಗಾಜಿನ ಟ್ಯೂಬು ಒಡೆಯುತ್ತದೆ. ವಾರ್ಡಿನ ಮಾತಿನಲ್ಲಿ ಇದಕ್ಕೆಲ್ಲ 'ಪ್ರಿಕ್ ಆಯ್ತು' ಅಂದುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹಿಂದೆ ಮಾಡಿದ ಅಂದಾಜಿನಂತೆ ಜಗತ್ತಿನ ಸುಮಾರು 3.5 ಕೋಟಿ ಆರೋಗ್ಯ ಕಾರ್ಯಕರ್ತರಲ್ಲಿ ವರ್ಷಕ್ಕೆ 30 ಲಕ್ಷ ಮಂದಿಗೆ ಹೀಗೆ ಸೂಜಿ ಅಥವಾ ಹರಿತವಾದ ವಸ್ತು ತಾಗುತ್ತದೆ.

ತಾಗಿದರೇನಾಗುತ್ತದೆ? ಇಪ್ಪತ್ತಕ್ಕೂ ಹೆಚ್ಚು ಬಗೆಯ ರೋಗಾಣುಗಳು ಈ ದಾರಿಯಲ್ಲಿ ದಾಟಬಲ್ಲವು. ಮುಖ್ಯವಾದವು ಮೂರು. ಸೂಜಿಯಲ್ಲಿದ್ದ ರಕ್ತ ಹೆಪಟೈಟಿಸ್ ಬಿ ಇರುವವರದ್ದಾಗಿದ್ದು ಚುಚ್ಚಿಸಿಕೊಂಡವರು ಲಸಿಕೆ ಹಾಕಿಸಿಕೊಂಡಿರದಿದ್ದರೆ, ನೂರು ಸಲ ಚುಚ್ಚಿದರೆ 6ರಿಂದ 30 ಸಲ ಸೋಂಕು ತಗಲಬಹುದು. ಹೆಪಟೈಟಿಸ್ ಸಿ ಆದರೆ ನೂರಕ್ಕೆ ಸುಮಾರು 2 ಎಂದು ಹಿಂದೆ ಹೇಳುತ್ತಿದ್ದರು, ಈಚಿನ ಲೆಕ್ಕದಲ್ಲಿ ಅದಕ್ಕಿಂತಲೂ ಕಡಿಮೆ. ಎಚ್‌ಐವಿ ಆದರೆ ಸಾವಿರಕ್ಕೆ 3. ನಮ್ಮ ಭಯ ಈ ಲೆಕ್ಕಕ್ಕೆ ಸರಿಯಾಗಿ ತಿರುಗುಮುರುಗು. ಚುಚ್ಚಿದ ಕೂಡಲೇ ಎಲ್ಲರೂ ಕೇಳುವುದು ಆ ಪೇಷೆಂಟಿಗೆ ಎಚ್‌ಐವಿ ಇದೆಯಾ ಎಂದು. ಹತ್ತಾರು ಪಟ್ಟು ಸುಲಭವಾಗಿ ಹರಡುವ ಹೆಪಟೈಟಿಸ್ ಬಿ ಬಗ್ಗೆ ಕೇಳುವವರು ಕಡಿಮೆ. ಅದಕ್ಕಾದರೋ ಲಸಿಕೆ ಇದೆ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು ಡೋಸು. ಆಸ್ಪತ್ರೆಯ ಕಸ ಮುಟ್ಟುವ ಪ್ರತಿಯೊಬ್ಬ ಕೆಲಸಗಾರರಿಗೂ ಅದನ್ನೂ ಧನುರ್ವಾಯು ಲಸಿಕೆಯನ್ನೂ ಹಾಕಿಸುವುದು ಆಸ್ಪತ್ರೆಯ ಹೊಣೆ ಎಂದು ನಾನು ಮೊದಲು ಹೇಳಿದ ಅದೇ 2016ರ ನಿಯಮ ಹೇಳುತ್ತದೆ.

ಚುಚ್ಚಿದ ಕೂಡಲೇ ಮಾಡಬೇಕಾದದ್ದು ಸೋಪು ನೀರಿನಲ್ಲಿ ತೊಳೆಯುವುದು, ಅಷ್ಟೇ. ಬೆರಳನ್ನು ಹಿಂಡಿ ರಕ್ತ ತೆಗೆಯಬಾರದು, ಬಾಯಿಗಿಟ್ಟು ಚೀಪಬಾರದು, ಸ್ಪಿರಿಟ್ ಸುರಿದು ಉಜ್ಜಬಾರದು. ಕಣ್ಣಿಗೆ ಸಿಡಿದಿದ್ದರೆ ಬರೀ ನೀರು ಸಾಕು. ಆಮೇಲೆ ಡ್ಯೂಟಿ ಡಾಕ್ಟರ ಹತ್ತಿರ ಹೋಗಬೇಕು, ಏಕೆಂದರೆ ಚುಚ್ಚಿದ ಕ್ಷಣದಿಂದಲೇ ಗಡಿಯಾರ ಶುರುವಾಗಿರುತ್ತದೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ 2 ಗಂಟೆಯೊಳಗೆ ನುಂಗಬೇಕು. 72 ಗಂಟೆ ದಾಟಿದರೆ ಶುರು ಮಾಡಿ ಪ್ರಯೋಜನವಿಲ್ಲ. ಒಟ್ಟು 28 ದಿನ ತೆಗೆದುಕೊಳ್ಳಬೇಕು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆ ಈಗ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ. ಹಳೆಯ ಝಿಡೊವುಡಿನ್ ಒಂದರಿಂದಲೇ ಅಪಾಯ ಸುಮಾರು ನೂರಕ್ಕೆ 80ರಷ್ಟು ತಗ್ಗಿತೆಂದು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತ್ತು. ಯಾವ ಚುಚ್ಚು ಹೆಚ್ಚು ಅಪಾಯದ್ದು ಎಂಬುದನ್ನೂ ಅದು ಬಿಡಿಸಿತು: ಆಳವಾಗಿ ಹೊಕ್ಕದ್ದು, ಸೂಜಿಯ ಮೇಲೆ ರಕ್ತ ಕಣ್ಣಿಗೆ ಕಾಣುವಂತಿದ್ದದ್ದು, ನೇರವಾಗಿ ರಕ್ತನಾಳಕ್ಕೆ ಹಾಕಿ ತೆಗೆದದ್ದು. ಇವನ್ನೆಲ್ಲ ಫಾರಂನಲ್ಲಿ ಕೇಳುವುದು ಕಾಟ ಕೊಡಲಿಕ್ಕಲ್ಲ, ಮಾತ್ರೆ ಬೇಕೋ ಬೇಡವೋ ಎಂದು ನಿರ್ಧರಿಸಲಿಕ್ಕೆ.

ಹಾಗಾದರೆ ಜನ ಯಾಕೆ ಹೇಳುವುದಿಲ್ಲ? 2010ರಲ್ಲಿ ದೆಹಲಿಯ ಒಂದು ದೊಡ್ಡ ಆಸ್ಪತ್ರೆಯ 428 ಸಿಬ್ಬಂದಿಯನ್ನು ಕೇಳಿ ಬರೆದ ವರದಿ ಪ್ರಕಟವಾಯಿತು. ನೂರಕ್ಕೆ 80 ಮಂದಿಗೆ ವೃತ್ತಿಜೀವನದಲ್ಲಿ ಒಮ್ಮೆಯಾದರೂ ಚುಚ್ಚಿತ್ತು. ಅರ್ಧದಷ್ಟು ಮಂದಿ ಅದಕ್ಕೆ ಕೊಟ್ಟ ಕಾರಣ ದಣಿವು. ಎಚ್‌ಐವಿ ತಡೆ ಮಾತ್ರೆ ತೆಗೆದುಕೊಂಡವರು ನೂರಕ್ಕೆ 8ರಷ್ಟು ಮಾತ್ರ, ಏನೂ ಮಾಡದೆ ಸುಮ್ಮನಿದ್ದವರು ಅದಕ್ಕಿಂತ ಹೆಚ್ಚು. ಬೆಂಗಳೂರಿನ ಯಾವ ವಾರ್ಡಿನಲ್ಲಿ ಕೇಳಿದರೂ ಕಾರಣಗಳು ನಮಗೆ ಗೊತ್ತಿರುವಂಥವೇ. ರಾತ್ರಿ ಡ್ಯೂಟಿಯಲ್ಲಿ ಮೂವತ್ತು ರೋಗಿಗಳನ್ನು ಇಬ್ಬರು ನೋಡುತ್ತಿರುವಾಗ ಒಬ್ಬರು ಫಾರಂ ತುಂಬಲು ಕ್ಯಾಜುಯಲ್ಟಿಗೆ ಇಳಿದರೆ ವಾರ್ಡಿನಲ್ಲಿ ಯಾರಿರುತ್ತಾರೆ? ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್ 'ನೋಡ್ಕೊಂಡು ಮಾಡೋಕೆ ಆಗಲ್ವಾ?' ಎನ್ನುತ್ತಾರೆ. ತನ್ನದೇ ರಕ್ತ ಪರೀಕ್ಷೆಯಲ್ಲಿ ಏನಾದರೂ ಬಂದುಬಿಟ್ಟರೆ, ಸುದ್ದಿ ಮನೆಗೆ ಮುಟ್ಟಿದರೆ ಎಂಬ ಅಳುಕು ಬೇರೆ. ಮಾಗಡಿ ರಸ್ತೆ, ನಾಗರಭಾವಿ ಸುತ್ತಮುತ್ತಲ ನರ್ಸಿಂಗ್ ಕಾಲೇಜುಗಳಿಂದ ವಾರ್ಡಿಗೆ ಬರುವ ವಿದ್ಯಾರ್ಥಿನಿಯರಿಗಂತೂ ಯಾರಿಗೆ ಹೇಳಬೇಕೆಂಬುದೇ ಗೊಂದಲ: ಅವರು ಕಾಲೇಜಿನವರೋ ಆಸ್ಪತ್ರೆಯವರೋ?

'ನೋಡ್ಕೊಂಡು ಮಾಡೋಕೆ ಆಗಲ್ವಾ' ಎಂಬ ಈ ಪ್ರಶ್ನೆಯನ್ನು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜನೀನ್ ಜಾಗರ್ ಎಂಬ ಸಂಶೋಧಕಿ ಬುಡಮೇಲು ಮಾಡಿದರು. ಅಲ್ಲಿನ ಆಸ್ಪತ್ರೆಯಲ್ಲಿ ಹತ್ತು ತಿಂಗಳು ಆದ 326 ಚುಚ್ಚುಗಳನ್ನು ಅವರೂ ಸಂಗಡಿಗರೂ ಒಂದೊಂದಾಗಿ ಕೂಡಿಸಿ 1988ರಲ್ಲಿ ಪ್ರಕಟಿಸಿದರು. ಯಾರಿಗೆ ಚುಚ್ಚಿತು ಎಂಬುದಕ್ಕಿಂತ ಯಾವುದು ಚುಚ್ಚಿತು, ಯಾವಾಗ ಚುಚ್ಚಿತು ಎಂಬುದರ ಮೇಲೆ ಅವರ ಕಣ್ಣು. ಕೆಲಸಕ್ಕೆ ಮೊದಲು ಅಥವಾ ಕೆಲಸದ ಮಧ್ಯೆ ಆದದ್ದು ನೂರಕ್ಕೆ 17 ಮಾತ್ರ. 70ರಷ್ಟು ಆದದ್ದು ಕೆಲಸ ಮುಗಿದ ಮೇಲೆ, ಸೂಜಿ ಡಬ್ಬಿಗೆ ಬೀಳುವ ಮೊದಲು. ಮೊತ್ತದಲ್ಲಿ ನೋಡಿದರೆ ಸಾದಾ ಸಿರಿಂಜೇ ಅಪರಾಧಿ, ಮೂರನೇ ಒಂದು ಪಾಲು ಅದರದ್ದೇ. ಅಲ್ಲಿಗೇ ನಿಂತಿದ್ದರೆ ಸಿರಿಂಜು ಜೋಪಾನ ಎಂದು ಗೋಡೆಗೊಂದು ಪೋಸ್ಟರ್ ಅಂಟಿಸಿ ಕೈತೊಳೆದುಕೊಳ್ಳಬಹುದಿತ್ತು.

ಅವರು ಮತ್ತೊಂದು ಪ್ರಶ್ನೆ ಕೇಳಿದರು: ಆಸ್ಪತ್ರೆ ಪ್ರತಿಯೊಂದು ಬಗೆಯದನ್ನೂ ಎಷ್ಟೆಷ್ಟು ಕೊಂಡಿತ್ತು? ಭಾಗಿಸಿ ನೋಡಿದಾಗ ಚಿತ್ರ ಮಗುಚಿತು. ಒಂದು ಲಕ್ಷ ಸಿರಿಂಜಿಗೆ ಸುಮಾರು 7 ಚುಚ್ಚು. ಡ್ರಿಪ್ ನಳಿಕೆಗೆ ಜೋಡಿಸುವ ಸೂಜಿಯಲ್ಲಿ ಲಕ್ಷಕ್ಕೆ 37ರ ಹತ್ತಿರ. ಬಳಸಿದ ಮೇಲೆ ಬಿಚ್ಚಬೇಕಾದ ಸಾಧನಗಳೆಲ್ಲ ಕೆಟ್ಟವು. ಕ್ಯಾಪ್ ಹಾಕಬಾರದೆಂದು ಗೊತ್ತಿದ್ದೂ ನರ್ಸುಗಳು ಯಾಕೆ ಹಾಕುತ್ತಿದ್ದರು? ಬಿಚ್ಚುವಾಗ ಬರಿ ಸೂಜಿ ಕೈಯಲ್ಲಿರುವುದು, ಮುಚ್ಚದ ಸೂಜಿಗಳನ್ನು ಕೈತುಂಬ ಹಿಡಿದು ಓಡಾಡುವುದು ಇನ್ನೂ ಅಪಾಯ ಎಂದು ಅವರಿಗೆ ಗೊತ್ತಿತ್ತು, ಅದಕ್ಕೆ. ಒಂದು ಅಪಾಯ ತಪ್ಪಿಸಿಕೊಳ್ಳಲು ಮತ್ತೊಂದಕ್ಕೆ ಬೆರಳು ಕೊಡುತ್ತಿದ್ದರು. ಈ ವಿವರ ಓದಿದ ಮೇಲೆ ಅಜಾಗರೂಕತೆ ಎಂದು ಬರೆದು ಕಡತ ಮುಚ್ಚುವವರನ್ನು ಕಂಡರೆ ನನಗೆ ತಾಳ್ಮೆ ಉಳಿದಿಲ್ಲ. ಮುಂದೆ ಜಾಗರ್ ಅವರು ಎಪಿನೆಟ್ ಎಂಬ ದಾಖಲೆ ವ್ಯವಸ್ಥೆ ರೂಪಿಸಿದರು. ಹಲವು ದೇಶಗಳ ಆಸ್ಪತ್ರೆಗಳು ಅದನ್ನು ಬಳಸಿದವು. 2000ದ ನವೆಂಬರಿನಲ್ಲಿ ಅಮೆರಿಕ ಸುರಕ್ಷಿತ ಸೂಜಿಗಳ ಬಗ್ಗೆ ಕಾನೂನನ್ನೇ ಮಾಡಿತು.

ಕೆಲಸಗಾರರನ್ನು ದೂರುವ ಬದಲು ಸಾಧನವನ್ನು ಸರಿಪಡಿಸಬೇಕೆಂಬ ಈ ಯೋಚನೆ ಪಶ್ಚಿಮ ಬೆಂಗಳೂರಿಗೆ ಹೊಸದೇನಲ್ಲ. ರಾಜಾಜಿನಗರದ ಕೈಗಾರಿಕಾ ವಸಾಹತು, ಪೀಣ್ಯ ಇವೆಲ್ಲ ಬೆಳೆದದ್ದು 1948ರ ಕಾರ್ಖಾನೆ ಕಾಯ್ದೆಯ ಕೆಳಗೆ. ಆ ಕಾಯ್ದೆ ಕಾರ್ಮಿಕನಿಗೆ ಹುಷಾರಾಗಿರು ಎಂದಷ್ಟೇ ಹೇಳಲಿಲ್ಲ, ಯಂತ್ರಕ್ಕೆ ಬೇಲಿ ಹಾಕು ಎಂದು ಮಾಲೀಕನಿಗೆ ಹೇಳಿತು. ಅಪಘಾತವಾದರೆ ನೋಟಿಸು ಕೊಡು ಎಂದಿತು. ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡವರಿಗೆ ಚಿಕಿತ್ಸೆ ಕೊಟ್ಟ ಇಎಸ್‌ಐ ವ್ಯವಸ್ಥೆಯ ಕಾಯ್ದೆಯೂ ಅದೇ ವರ್ಷದ್ದು. ಅದರ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿಯಿತ್ತು. ಸೀಸದ ವಿಷ, ಪಾದರಸದ ವಿಷ ಇವೆಲ್ಲಕ್ಕಿಂತ ಮೊದಲು, ಪಟ್ಟಿಯ ಮೊದಲ ಸಾಲಿನಲ್ಲೇ ಇದ್ದದ್ದು ಸೋಂಕು ರೋಗಗಳು. ಆರೋಗ್ಯ ಸೇವೆ ಮತ್ತು ಲ್ಯಾಬಿನ ಕೆಲಸದಿಂದ ಬರುವವನ್ನು ಅಲ್ಲಿ ಹೆಸರಿಸಿಯೇ ಹೇಳಿತ್ತು.

ಅಂದರೆ, ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಇರುವ, ಇಎಸ್‌ಐ ಕಡಿತವಾಗುವ ಖಾಸಗಿ ಆಸ್ಪತ್ರೆಯ ಆಯಾಗೆ ಕೆಲಸದಲ್ಲಿ ಹೆಪಟೈಟಿಸ್ ತಗಲಿದರೆ ಅದು ಅವರ ಹಣೆಬರಹವಲ್ಲ, ಪ್ರೆಸ್ಸಿಗೆ ಸಿಕ್ಕ ಬೆರಳಿನಂತೆಯೇ ಹಕ್ಕಿನ ವಿಷಯ. ಆದರೆ ಕೆಲಸದಲ್ಲೇ ತಗಲಿತು ಎಂದು ತೋರಿಸುವುದು ಹೇಗೆ? ಚುಚ್ಚಿದ ದಿನವೇ ಬರೆಸಿದ ಒಂದು ಸಾಲು ಬೇಕು. ಅಂದೇ ತೆಗೆದ ರಕ್ತದಲ್ಲಿ ಸೋಂಕು ಇರಲಿಲ್ಲ ಎಂಬ ವರದಿ ಬೇಕು. ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಮಾಡಿಸುವ ಮರುಪರೀಕ್ಷೆ ಬೇಕು. ಇವು ಮೂರೂ ಇದ್ದರೆ ಕೆಲಸಗಾರರ ಕೈಯಲ್ಲಿ ಪುರಾವೆ ಇದೆ. ಬರೆಸದೆ ಸುಮ್ಮನಿದ್ದವರ ಕೈಯಲ್ಲಿ ಏನೂ ಇಲ್ಲ. ಗುತ್ತಿಗೆಯ ಹೌಸ್‌ಕೀಪಿಂಗ್‌ನವರು ಮೂರು ತಿಂಗಳಿಗೇ ಬೇರೆ ಕಡೆ ಹೋಗಿಬಿಡುವುದರಿಂದ ಈ ಸರಪಳಿ ಅವರಲ್ಲೇ ಹೆಚ್ಚಾಗಿ ಕಡಿಯುತ್ತದೆ.

ಎಚ್‌ಐವಿ ಮಟ್ಟಿಗೆ 2017ರ ಕಾಯ್ದೆ, ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ, ಆಸ್ಪತ್ರೆಗಳ ಮೇಲೆ ಹೊಣೆ ಹೊರಿಸಿದೆ: ಗ್ಲೌಸು ಮೊದಲಾದ ರಕ್ಷಣೆ, ತರಬೇತಿ, ಚುಚ್ಚಿದರೆ ತಡೆ ಮಾತ್ರೆ. ಅದೇ ಕಾಯ್ದೆ ರೋಗಿಯನ್ನೂ ಕಾಯುತ್ತದೆ. ಸಿಸ್ಟರ್‌ಗೆ ಚುಚ್ಚಿತೆಂದು ರೋಗಿಗೆ ತಿಳಿಸದೆ ಅವರ ರಕ್ತವನ್ನು ಪರೀಕ್ಷಿಸುವಂತಿಲ್ಲ. ಕೇಳಿ, ಒಪ್ಪಿಗೆ ಪಡೆಯಬೇಕು. ವಿಷಯ ವಿವರಿಸಿ ಕೇಳಿದರೆ ಹೆಚ್ಚಿನವರು ಇಲ್ಲ ಎನ್ನುವುದಿಲ್ಲ ಎಂಬುದು ನನ್ನ ಗ್ರಹಿಕೆ.

ಒಳ್ಳೆಯ ದಾಖಲೆ ಪುಸ್ತಕ ಇಡಲು ಹೊರಟ ಆಸ್ಪತ್ರೆಯಲ್ಲಿ ಮೊದಲ ವರ್ಷ ಅಂಕಿ ಏರುತ್ತದೆ. ಆಡಳಿತ ಮಂಡಳಿ ಗಾಬರಿಯಾಗುತ್ತದೆ, ಆಗಬೇಕಾಗಿಲ್ಲ. ಚುಚ್ಚುವುದು ಹೆಚ್ಚಾಗಿಲ್ಲ, ಹೇಳುವುದು ಹೆಚ್ಚಾಗಿದೆ. ಸೂಜಿ ಹಾಕುವ ಬಿಳಿ ಡಬ್ಬಿ ಹಾಸಿಗೆಯಿಂದ ದೂರವಿದೆ, ಮುಕ್ಕಾಲು ತುಂಬಿದ ಮೇಲೂ ಬದಲಾಯಿಸಿಲ್ಲ, ಸೂಜಿ ಕತ್ತರಿಸುವ ಕಟರ್ ಕೆಟ್ಟುನಿಂತಿದೆ ಎಂಬುದೆಲ್ಲ ಆಮೇಲಷ್ಟೇ ಹೊರಬರುತ್ತದೆ. ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಕೈಗೆ ಆಗ ಕೆಲಸ ಸಿಗುತ್ತದೆ.

ಇನ್ನು ಯಾವ ಪುಸ್ತಕಕ್ಕೂ ಸೇರದ ಚುಚ್ಚುಗಳಿವೆ. ಅವು ಆಗುವುದು ನಮ್ಮ ಮನೆಯ ಸೂಜಿಯಿಂದ. ಸಕ್ಕರೆ ಕಾಯಿಲೆಯವರು ದಿನಕ್ಕೆರಡು ಮೂರು ಸಲ ಇನ್ಸುಲಿನ್ ಚುಚ್ಚಿಕೊಂಡು, ಬೆರಳು ಚುಚ್ಚುವ ಲ್ಯಾನ್ಸೆಟ್ಟನ್ನೂ ಸೇರಿಸಿ ಹಸಿ ಕಸದಲ್ಲೋ ಒಣ ಕಸದಲ್ಲೋ ಎಸೆಯುತ್ತಾರೆ. ಬೆಳಿಗ್ಗೆ ಆಟೋ ಟಿಪ್ಪರ್ ಬಂದಾಗ ಅದಕ್ಕೆ ಕೈ ಹಾಕಿ ಬೇರ್ಪಡಿಸುವವರು ಪೌರಕಾರ್ಮಿಕರು. 2016ರ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿ, ಸಿರಿಂಜನ್ನು ಅಪಾಯಕಾರಿ ಕಸದ ಸಾಲಿಗೆ ಸೇರಿಸಿ ಬೇರೆಯೇ ಕೊಡಿ ಎಂದವು. ಬಿರಡೆ ಗಟ್ಟಿಯಾಗಿ ಕೂರುವ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಹಾಕುತ್ತಾ ಬನ್ನಿ. ಮುಕ್ಕಾಲು ತುಂಬಿದ ಮೇಲೆ ಬಿರಡೆ ಬಿಗಿದು, ಮೇಲೆ 'ಸೂಜಿ' ಎಂದು ದೊಡ್ಡದಾಗಿ ಬರೆದು, ಕಸದವರಿಗೆ ಬಾಯಲ್ಲೂ ಹೇಳಿ ಕೊಡಿ.

ಕಸದಲ್ಲಿ ಬಿದ್ದ ಸೂಜಿಯಲ್ಲಿ ಎಚ್‌ಐವಿ ಬಹಳ ಹೊತ್ತು ಉಳಿಯುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ಮಾತ್ರ ಒಣಗಿದ ರಕ್ತದಲ್ಲೂ ಏಳು ದಿನ ಬದುಕಬಲ್ಲದು. ನಿಮ್ಮ ಬೀದಿಯ ಪೌರಕಾರ್ಮಿಕರಿಗೆ ಚುಚ್ಚಿದ್ದು ನಿಮಗೆ ಗೊತ್ತಾದರೆ ಕೈ ತೊಳೆಯಲು ಸೋಪು ನೀರು ಕೊಡಿ, ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಮಾತ್ರೆ ಬೇಕೋ, ಬರೀ ಲಸಿಕೆ ಸಾಕೋ ಎಂಬುದನ್ನು ಡಾಕ್ಟರು ನೋಡಿ ಹೇಳುತ್ತಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು, ಕರೆಗೆ ದುಡ್ಡಿಲ್ಲ.