ಬಾಡಿಗೆ ಬಡ್ಡಿಯಲ್ಲ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು’ ಎಂಬ ಮೂರನೆಯ ಮಾತನ್ನು ಸೇರಿಸದೆ ಬಿಟ್ಟರು. ಅವರ ಕಾಲಕ್ಕೆ ಅದರ ಅಗತ್ಯ ಅಷ್ಟಾಗಿ ಕಂಡಿರಲಾರದು. ಇಂದು ಮೈಸೂರು, ಹಾಸನ, ಶಿವಮೊಗ್ಗ, ಧಾರವಾಡಗಳ ಯಾವ ಬಡಾವಣೆಗೆ ಹೋದರೂ ಕೆಳಗೆ ಯಜಮಾನರು, ಮಹಡಿಯ ಮೇಲೆ ಬಾಡಿಗೆಯವರು ಎಂಬ ಏರ್ಪಾಡು ಕಣ್ಣಿಗೆ ಬೀಳುತ್ತದೆ. ಈ ಯಜಮಾನರು ಬಂಡವಾಳಗಾರರೇನಲ್ಲ. ನಿವೃತ್ತಿಯ ಕಾಲಕ್ಕೆ ಕೈಸೇರಿದ ಭವಿಷ್ಯನಿಧಿಯ ಹಣವನ್ನೆಲ್ಲ ಇಟ್ಟಿಗೆ ಸಿಮೆಂಟಿಗೆ ಸುರಿದ ಉಪಾಧ್ಯಾಯರು, ಗುಮಾಸ್ತರು. ಎರಡು ಕೋಣೆಯ ಬಾಡಿಗೆಯಲ್ಲೇ ಸಂಸಾರ ತೂಗಿಸುವ ವಿಧವೆಯರು. ಇಂಥವರನ್ನು ಉದ್ದೇಶಿಸಿ ಕೆಲವು ಮಾತು ಆಡಬೇಕೆಂದಿದ್ದೇನೆ. ಕನ್ನಡದ ಅಧ್ಯಾಪಕನಿಗೆ ಇದರಲ್ಲಿ ಏನು ಅಧಿಕಾರ ಎಂದು ನೀವು ಕೇಳಬಹುದು. ಹದಿನೆಂಟು ವರ್ಷ ಬಾಡಿಗೆದಾರನಾಗಿ, ಅದಕ್ಕೂ ಹೆಚ್ಚು ಕಾಲ ಯಜಮಾನನಾಗಿ ಬಾಳಿದವನೆಂಬುದಷ್ಟೇ ನನ್ನ ಅರ್ಹತೆ.

ನಮ್ಮಲ್ಲಿ ಬಹುಮಂದಿ ಬಾಡಿಗೆಯನ್ನು ಬಡ್ಡಿಯೆಂದೇ ಭಾವಿಸಿದ್ದಾರೆ. ತೊಂದರೆಯೆಲ್ಲ ಹುಟ್ಟುವುದು ಇಲ್ಲಿಂದ. ಬ್ಯಾಂಕಿನಲ್ಲಿಟ್ಟ ಹಣ ನೀವು ನಿದ್ರಿಸುವಾಗಲೂ ಬೆಳೆಯುತ್ತದೆ. ಕಟ್ಟಿದ ಮನೆಯಾದರೋ ನೀವು ನಿದ್ರಿಸುವಾಗ ಸವೆಯುತ್ತದೆ. ಆ ಸವೆತವನ್ನು ನೋಡಿಕೊಳ್ಳುವ ದುಡಿಮೆಗೆ ಸಿಗುವ ಕೂಲಿಯೇ ಬಾಡಿಗೆ. ಲೆಕ್ಕ ಹಾಕಿ ನೋಡೋಣ. 30 ಲಕ್ಷ ರೂಪಾಯಿ ವೆಚ್ಚದ ಮಹಡಿಮನೆಗೆ ತಿಂಗಳಿಗೆ 12,000 ಬಾಡಿಗೆ ಬರುವುದೆಂದು ಇಟ್ಟುಕೊಳ್ಳಿ. ವರ್ಷಕ್ಕೆ 1,44,000, ಅಂದರೆ ನೂರಕ್ಕೆ ಐದೂ ಇಲ್ಲ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿತ್ತು. ಸುಣ್ಣಬಣ್ಣ, ನೀರಿನ ಮೋಟಾರಿನ ದುರಸ್ತಿ, ಕಂದಾಯ ಎಂದು ಇನ್ನೊಂದು ಇಪ್ಪತ್ತು ಸಾವಿರ ಹೋಯಿತು. ಉಳಿದದ್ದು 1,12,000, ನೂರಕ್ಕೆ ನಾಲ್ಕೂ ದಾಟಲಿಲ್ಲ. ನಿವೇಶನದ ಬೆಲೆ ಏರುತ್ತದೆಯಲ್ಲ ಎಂದು ಸಮಾಧಾನ ಹೇಳುವವರುಂಟು. ನಿಜ, ಆದರೆ ವಾಸದ ಮನೆಯನ್ನು ಮಾರದವನಿಗೆ ಆ ಏರಿಕೆಯಿಂದ ಔಷಧಿಯ ಅಂಗಡಿಯ ಬಿಲ್ಲು ತೀರುವುದಿಲ್ಲ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಹೊತ್ತಿಗೆ ಸರಿಯಾಗಿ ಹಣ ಕೊಡುವ, ಮನೆಯನ್ನು ಚೊಕ್ಕಟವಾಗಿಟ್ಟುಕೊಂಡ ಸಂಸಾರವೊಂದನ್ನು, ಬೇರೆಯವರು ಐನೂರು ಹೆಚ್ಚು ಕೊಡುತ್ತಾರೆಂದು ಬಿಡಿಸುತ್ತೀರಿ. ಮಧ್ಯೆ ಒಂದು ತಿಂಗಳು ಬೀಗ ಬಿದ್ದರೆ 12,000 ಹೋಯಿತು. ಐನೂರರಂತೆ ಅದನ್ನು ತುಂಬಿಕೊಳ್ಳಲು ಪೂರ್ತಿ ಎರಡು ವರ್ಷ ಬೇಕು. ಹೊಸಬರು ಎರಡು ವರ್ಷ ಇರುತ್ತಾರೆಂದು ಹೇಳುವವರು ಯಾರು?

ದುರಸ್ತಿಯ ವಿಷಯಕ್ಕೆ ಬರುತ್ತೇನೆ. ಆದಾಯ ತೆರಿಗೆಯ ಕಾನೂನು ಈ ಬಗ್ಗೆ ನಮ್ಮ ಯಜಮಾನರಿಗಿಂತ ಹೆಚ್ಚು ವಿವೇಕಿ. ಬಂದ ಬಾಡಿಗೆಯಲ್ಲಿ ಪುರಸಭೆಗೋ ನಗರಪಾಲಿಕೆಗೋ ಕಟ್ಟಿದ ಕಂದಾಯವನ್ನು ಕಳೆದು, ಉಳಿದದ್ದರಲ್ಲಿ ಶೇಕಡಾ 30ನ್ನು ಅದು ತೆರಿಗೆಯಿಂದ ಬಿಟ್ಟುಕೊಡುತ್ತದೆ. ಇದಕ್ಕೆ ರಸೀದಿ ಕೇಳುವುದಿಲ್ಲ. ಖರ್ಚು ಮಾಡಿದಿರೋ ಇಲ್ಲವೋ ಎಂದೂ ಕೇಳುವುದಿಲ್ಲ. ಹತ್ತು ರೂಪಾಯಿಯಲ್ಲಿ ಮೂರು ರೂಪಾಯಿ ಮನೆಯ ಪಾಲು ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಆ ಮೂರು ರೂಪಾಯಿಯನ್ನು ಬೇರೊಂದು ಉಳಿತಾಯ ಖಾತೆಯಲ್ಲಿ ಹಾಕಿಟ್ಟವರನ್ನು ನಾನು ಕಂಡದ್ದು ವಿರಳ. ಹಾಕಿಟ್ಟವರಿಗೆ ಮಾತ್ರ ಮೃಗಶಿರಾ ಮಳೆ ಹಿಡಿಯುವ ಮುನ್ನ ತಾರಸಿಯ ಮೇಲೆ ಹತ್ತಿ ನೋಡುವ ಧೈರ್ಯ ಇರುತ್ತದೆ. ತಾರಸಿಯ ಕೂದಲೆಳೆಯ ಬಿರುಕನ್ನು ಮೇ ತಿಂಗಳಲ್ಲಿ ಮುಚ್ಚಿಸಿದರೆ ಗಾರೆಯವನ ಒಂದು ದಿನದ ಕೂಲಿ. ಆಗಸ್ಟಿನವರೆಗೆ ಬಿಟ್ಟರೆ ಗೋಡೆ ತೇವ ಹೀರಿ, ಸುಣ್ಣ ಉದುರಿ, ವಿದ್ಯುತ್ ತಂತಿಯ ಕೊಳವೆಗೂ ನೀರಿಳಿಯುತ್ತದೆ. ಮಂಗಳೂರು ಹೆಂಚಿನ ಹಳೆಯ ಮನೆಗಳವರಂತೂ ಒಡೆದ ಹೆಂಚು ಬದಲಿಸುವ ಕೆಲಸವನ್ನು ಒಂದು ಮಳೆಗಾಲವೂ ಮುಂದೂಡುವಂತಿಲ್ಲ. ಒಳಗಿನ ಮರ ಒಮ್ಮೆ ಕೊಳೆತರೆ ಹೆಂಚಿನಿಂದ ಅದು ಗುಣವಾಗದು.

ಇನ್ನು ಮುಂಗಡ, ಆಡುಮಾತಿನಲ್ಲಿ ‘ಅಡ್ವಾನ್ಸ್’. ಬೆಂಗಳೂರಿನಲ್ಲಿ ಬಹುಕಾಲದಿಂದ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿಯಿತ್ತು. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡ ಎನ್ನುತ್ತದೆ. ಎಷ್ಟೇ ಪಡೆಯಿರಿ, ಆ ಹಣ ನಿಮ್ಮದಲ್ಲ. ನಾನು ಕಂಡ ಜಗಳಗಳಲ್ಲಿ ಬಾಡಿಗೆ ಬಾಕಿಯಿಂದ ಹುಟ್ಟಿದವು ಕೆಲವಾದರೆ, ಮುಂಗಡ ಹಿಂದಿರುಗಿಸಲಾರದೆ ಹುಟ್ಟಿದವು ಹಲವು. ಮುಂಗಡದ ಹಣ ಮಗಳ ಮದುವೆಗೋ ಮಗನ ಕಾಲೇಜಿಗೋ ಕರಗಿಹೋಗಿರುತ್ತದೆ. ಬಾಡಿಗೆಯವರು ಬಿಡುತ್ತೇನೆಂದಾಗ ‘ಹೊಸಬರು ಬಂದು ಕೊಟ್ಟ ಮೇಲೆ ಕೊಡುತ್ತೇನೆ’ ಎನ್ನುವ ಉತ್ತರ ಬರುತ್ತದೆ. ಕೇಳುವಾತನೂ ಬೇರೊಂದು ಮನೆಗೆ ಮುಂಗಡ ಕಟ್ಟಬೇಕಾದ ಗುಮಾಸ್ತನೇ. ಆ ಹಣವನ್ನು ನಿಶ್ಚಿತ ಠೇವಣಿಯಲ್ಲಿಡಿ. ಅದರ ಬಡ್ಡಿ ನಿಮಗೆ ಸೇರಲಿ, ಅಸಲು ಅಲ್ಲೇ ಇರಲಿ.

‘ಲೀಸ್’ ಎಂದು ಕರೆಯುವ, ಹಳೆಯ ಪತ್ರಗಳಲ್ಲಿ ಭೋಗ್ಯ ಎಂದಿರುವ ಪದ್ಧತಿ ಇದಕ್ಕಿಂತ ಜಾರುವ ನೆಲ. ಹಲವು ಲಕ್ಷಗಳನ್ನು ಒಟ್ಟಿಗೆ ಪಡೆದು ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಡುವುದು. ಅವಧಿ ಮುಗಿದಾಗ ಪೂರ್ತಿ ಹಣ ಹಿಂದಿರುಗಿಸುವುದು. ಹೆಸರು ಏನೇ ಇರಲಿ, ಯಜಮಾನನ ಪಾಲಿಗೆ ಅದು ಸಾಲ. ಬ್ಯಾಂಕಿಗೆ ಅಡವಿಟ್ಟ ಮನೆಯನ್ನೇ ಹೀಗೆ ಭೋಗ್ಯಕ್ಕೆ ಕೊಟ್ಟು, ಕಂತು ತಪ್ಪಿ ಬ್ಯಾಂಕಿನವರು ಬಂದಾಗ ಬೀದಿಗೆ ಬಿದ್ದದ್ದು ಹಣ ಕೊಟ್ಟ ಸಂಸಾರ. ಹಿಂದಿರುಗಿಸುವ ದಾರಿ ಮೊದಲೇ ಕಾಣದಿದ್ದರೆ ಈ ಹಣವನ್ನು ಮುಟ್ಟಬೇಡಿ.

ಎರಡನೆಯ ಮನೆ ಕೊಳ್ಳುವವರಿಗೆ ಎರಡೇ ಮಾತು. ಖಾತೆ ಎಂಬುದು ಕಂದಾಯ ಕಟ್ಟುವವರು ಯಾರೆಂದು ಹೇಳುತ್ತದೆಯೇ ಹೊರತು ಒಡೆತನವನ್ನು ಸ್ಥಾಪಿಸುವುದಿಲ್ಲ. ಮೂಲಪತ್ರಗಳನ್ನೂ, ಉಪನೋಂದಣಿ ಕಚೇರಿಯ ಋಣಭಾರ ಪತ್ರವನ್ನೂ, ಕೃಷಿಭೂಮಿಯಾಗಿದ್ದಲ್ಲಿ ಭೂಪರಿವರ್ತನೆಯ ಆದೇಶವನ್ನೂ ನಿಮ್ಮದೇ ವಕೀಲರಿಂದ ಓದಿಸಿ, ಮಾರುವವರ ವಕೀಲರಿಂದಲ್ಲ.

ಕರಾರುಪತ್ರದ ಬಗ್ಗೆ ಒಂದು ಭ್ರಮೆ ನಮ್ಮಲ್ಲಿ ವ್ಯಾಪಕವಾಗಿದೆ. ಹನ್ನೊಂದು ತಿಂಗಳಿಗೆ ಬರೆಸಿದರೆ ಹನ್ನೆರಡನೆಯ ತಿಂಗಳು ಬಾಡಿಗೆಯವರನ್ನು ಎಬ್ಬಿಸಬಹುದೆಂದು ತಿಳಿದಿರುತ್ತಾರೆ. ಹನ್ನೊಂದರ ಮಹಿಮೆ ಅದಲ್ಲ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗೇಣಿಪತ್ರಕ್ಕೆ ನೋಂದಣಿ ಕಡ್ಡಾಯ. ಆ ಖರ್ಚು ತಪ್ಪಿಸಲು ಹನ್ನೊಂದು ಬಂತು. ಅವಧಿ ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಳ್ಳುತ್ತ ಹೋದರೆ ಆತ ತಿಂಗಳ ಲೆಕ್ಕದ ಬಾಡಿಗೆದಾರನಾಗಿ ಮುಂದುವರಿಯುತ್ತಾನೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಹದಿನೈದು ದಿನಗಳ ಲಿಖಿತ ನೋಟೀಸು ಕೊಡಬೇಕು. ನೋಟೀಸಿಗೂ ಬಗ್ಗದಿದ್ದರೆ ನ್ಯಾಯಾಲಯವೇ ದಾರಿ. ನೀರು ನಿಲ್ಲಿಸುವುದು, ಫ್ಯೂಸು ಕೀಳುವುದು, ಬಾಗಿಲಿಗೆ ಇನ್ನೊಂದು ಬೀಗ ಜಡಿಯುವುದು ದಾರಿಯಲ್ಲ.

ಇದೆಲ್ಲ ಇಂಗ್ಲಿಷರ ಕಾನೂನು, ನಮ್ಮಲ್ಲಿ ಯಜಮಾನನ ಮಾತೇ ಕಡೆಯ ಮಾತಾಗಿತ್ತು ಎಂದು ವಾದಿಸುವ ಹಿರಿಯರೊಬ್ಬರು ನನಗೆ ಪರಿಚಿತರು. ಅವರಿಗೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೋರಿಸಿದೆ. ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಓಲೆಗರಿಗಳ ನಡುವಿನಿಂದ ಎತ್ತಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಗ್ರಂಥ ಅದು. ಅದರ ಮೂರನೆಯ ಅಧಿಕರಣದಲ್ಲಿ ಬಾಡಿಗೆಗೆ ‘ಅವಕ್ರಯ’ ಎಂಬ ಶಬ್ದವಿದೆ. ಬಿಡು ಎಂದರೂ ಬಿಡದೆ ಕೂತ ಬಾಡಿಗೆದಾರನಿಗೆ ಹನ್ನೆರಡು ಪಣ ದಂಡ. ಬಾಡಿಗೆ ಕೊಡುತ್ತಿರುವವನನ್ನು ಹೊರದೂಡಿದ ಯಜಮಾನನಿಗೂ ಅಷ್ಟೇ ದಂಡ. ಹಲ್ಲೆ, ಕಳವುಗಳಂಥ ಅಪರಾಧಗಳಿದ್ದರೆ ಮಾತ್ರ ಯಜಮಾನನಿಗೆ ವಿನಾಯಿತಿ. ತಾನಾಗಿ ಬಿಟ್ಟುಹೋಗುವವನು ವರ್ಷದ ಉಳಿದ ಬಾಡಿಗೆಯನ್ನು ಕೊಡಬೇಕು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದನ್ನು ಕಂಡು ಆ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು; ಒಪ್ಪಿದರೆಂದು ಹೇಳಲಾರೆ.

ಯಾರಿಗೆ ಕೊಡಬೇಕೆಂಬ ಪ್ರಶ್ನೆಯಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ರುಚಿಸದು. ಹೆಸರು ಕೇಳಿ, ಅದರಿಂದ ತಿಳಿಯದಿದ್ದರೆ ಊರು ಕೇಳಿ, ಅಲ್ಲೂ ತಿಳಿಯದಿದ್ದರೆ ಊಟ ಏನೆಂದು ಕೇಳಿ ಜಾತಿಯನ್ನು ಹುಡುಕುವ ವಿಚಾರಣೆ ನಮ್ಮ ಗೇಟುಗಳ ಬಳಿ ನಿತ್ಯವೂ ನಡೆಯುತ್ತದೆ. ನೌಕರಿ ಎಲ್ಲಿ, ಹಿಂದಿನ ಮನೆ ಯಾವುದು, ಅದನ್ನು ಏಕೆ ಬಿಟ್ಟಿರಿ ಎಂಬ ಉಪಯುಕ್ತ ಪ್ರಶ್ನೆಗಳನ್ನು ಕೇಳುವುದೇ ಮರೆತಿರುತ್ತದೆ. ಸೂಟುಕೇಸು ಹಿಡಿದು ಬಿಸಿಲಿನಲ್ಲಿ ಗೇಟಿನಾಚೆ ನಿಂತು ಆ ವಿಚಾರಣೆಗೆ ಗುರಿಯಾದ ನನ್ನ ವಿದ್ಯಾರ್ಥಿಗಳು ಒಬ್ಬಿಬ್ಬರಲ್ಲ. ಅವರಲ್ಲಿ ಚಿನ್ನದ ಪದಕ ಪಡೆದವರೂ ಇದ್ದರು. ಅವಮಾನ ಅವರಿಗಾಯಿತು, ಖಾಲಿ ಮನೆಯ ನಷ್ಟ ಯಜಮಾನರಿಗಾಯಿತು.

ಒಪ್ಪಂದವಾದ ಮೇಲೆ, ಅವರು ಸಾಮಾನು ಇಳಿಸುವ ಮೊದಲೇ, ಇಬ್ಬರೂ ಕೂಡಿ ಮನೆಯನ್ನು ಒಂದು ಸುತ್ತು ನೋಡಿ. ಫ್ಯಾನು ಎಷ್ಟು, ಯಾವ ಕಿಟಕಿಯ ಗಾಜು ಸೀಳಿದೆ, ಮೀಟರಿನ ಅಂಕಿ ಎಷ್ಟು ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಿ. ಕೈಯಲ್ಲಿರುವ ಮೊಬೈಲಿನಲ್ಲಿ ಗೋಡೆಗಳ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಸುಣ್ಣಬಣ್ಣದ ಖರ್ಚು ಯಾರದು, ಎಷ್ಟು ಎಂಬುದು ಅಂಕಿಯಲ್ಲೇ ಕರಾರಿನಲ್ಲಿರಲಿ; ‘ರೂಢಿಯಂತೆ’ ಎಂದು ಬರೆದರೆ ರೂಢಿ ಒಬ್ಬೊಬ್ಬರಿಗೆ ಒಂದೊಂದು. ಪ್ರತಿ ತಿಂಗಳೂ ರಸೀದಿ ಕೊಡಿ. ಬಿಡುವ ದಿನ ಅದೇ ಪಟ್ಟಿಯನ್ನು ಹಿಡಿದು ಮತ್ತೆ ಒಂದು ಸುತ್ತು ಬನ್ನಿ. ಕಳೆಯಬೇಕಾದ್ದನ್ನು ಅವರ ಎದುರಿಗೇ ಕಳೆದು, ಬೀಗದ ಕೈ ಪಡೆದ ಕ್ಷಣದಲ್ಲೇ ಉಳಿದ ಮುಂಗಡವನ್ನು ಎಣಿಸಿ ಕೊಡಿ.