ಬೂದಿಕೋಟೆಯ ಹುಡುಗನೂ ಸೋತಿದ್ದ

 ಕಳೆದ ವಾರ ಕೆಜಿಎಫ್‌ಗೆ ಹೋಗಿದ್ದೆ. ನಂದಿದುರ್ಗ ಅಂದ ತಕ್ಷಣ ನಿಮಗೆ ನಂದಿಬೆಟ್ಟ ನೆನಪಾಗುತ್ತೆ. ನಾನು ಹೇಳ್ತಿರೋದು ಚಿನ್ನದ ಗಣಿಯ ನಂದಿದುರ್ಗ. 2001ರಲ್ಲಿ ಗಣಿಗೆ ಬೀಗ ಬಿತ್ತು. ಈಗ ಊರಿನ ಎಷ್ಟೋ ಜನ ಬೆಳಗಾಗುವ ಮೊದಲೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ, ಕತ್ತಲಾದ ಮೇಲೆ ಮನೆ ಸೇರ್ತಾರೆ.

ಅಲ್ಲೊಬ್ಬ ಹುಡುಗ ಸಿಕ್ಕಿದ. ಸೈನ್ಯದ ಭರ್ತಿಗೆ ಮೂರು ಸಲ ಓಡಿ, ಮೂರು ಸಲವೂ ಫೇಲ್ ಆದವನು. "ಈ ಊರಲ್ಲಿ ಹುಟ್ಟಿದವರ ಹಣೆಬರಹಾನೇ ಇಷ್ಟು ಸಾರ್" ಅಂದ. ನನಗೆ ತಕ್ಷಣ ಮಾತು ಹೊರಡಲಿಲ್ಲ. ವಾಪಸ್ ಬರುವಾಗ ಬಂಗಾರಪೇಟೆ ಹತ್ತಿರ ಬೂದಿಕೋಟೆಯ ಬೋರ್ಡ್ ಕಂಡಿತು. ಅವನಿಗೆ ಹೇಳಬೇಕಾಗಿದ್ದ ಉತ್ತರ ಆ ಬೋರ್ಡಿನಲ್ಲಿತ್ತು.

ಹೈದರ್ ಅಲಿ ಹುಟ್ಟಿದ ಊರು ಬೂದಿಕೋಟೆ. ತಂದೆ ಫತೇ ಮಹಮ್ಮದ್ ಶಿರಾ ನವಾಬರ ಸೇವೆಯಲ್ಲಿದ್ದು, ಯುದ್ಧದಲ್ಲಿ ಸತ್ತ. ಆಗ ಹೈದರ್ ಇನ್ನೂ ಚಿಕ್ಕವನು. ಅಪ್ಪನ ಸಾಲದ ಹೆಸರು ಹೇಳಿ ಮನೆಯನ್ನು ದೋಚಿದರು. ಮಕ್ಕಳನ್ನು ನಗಾರಿಯೊಳಗೆ ಕೂರಿಸಿ ಹೊರಗಿನಿಂದ ಬಾರಿಸಿ ಹಿಂಸೆ ಕೊಟ್ಟರು ಅನ್ನೋ ಕಥೆಯೂ ಇದೆ. ಓದು ಬರಹ ಬರಲೇ ಇಲ್ಲ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ದಳವಾಯಿ ನಂಜರಾಜಯ್ಯನ ಕಣ್ಣಿಗೆ ಬಿದ್ದ ಮೇಲೆಯೇ ಅವನ ದೆಸೆ ತಿರುಗಿದ್ದು.

ಆದರೆ ದೊಡ್ಡ ಸೋಲು ಬಂದದ್ದು ಗೆದ್ದ ಮೇಲೆ. ತನ್ನನ್ನು ಬೆಳೆಸಿದ ನಂಜರಾಜಯ್ಯನನ್ನೇ ಹೈದರ್ ಅಧಿಕಾರದಿಂದ ಇಳಿಸಿದ್ದ. 1760ರ ಆಗಸ್ಟ್‌ನಲ್ಲಿ, ತಾನೇ ಬೆಳೆಸಿದ್ದ ಖಂಡೇರಾವ್ ತಿರುಗಿಬಿದ್ದ. ಸೈನ್ಯದ ಮುಖ್ಯ ಪಾಲು ಪಾಂಡಿಚೇರಿ ಕಡೆ ಇತ್ತು. ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು ಹೈದರ್ ರಾತ್ರೋರಾತ್ರಿ ಹೊಳೆ ದಾಟಿ, ಆನೇಕಲ್ ಮೂಲಕ ಬೆಂಗಳೂರಿಗೆ ಓಡಿದ. ಹಾಗೆ ಬಿಟ್ಟುಬಂದವರಲ್ಲಿ ಪುಟ್ಟ ಟಿಪ್ಪುವೂ ಇದ್ದ. ಸೈನ್ಯ ಕೂಡಿಸಿಕೊಂಡು ಮತ್ತೆ ಬಂದ. ನಂಜನಗೂಡಿನ ಹತ್ತಿರ ಮತ್ತೆ ಸೋತ.

ಈಗ ಏನು ಮಾಡಿದ ಗೊತ್ತಾ? ತಾನು ಮೂಲೆಗೆ ತಳ್ಳಿದ್ದ ನಂಜರಾಜಯ್ಯನ ಬಾಗಿಲಿಗೇ ಹೋಗಿ ನಿಂತ. ತಪ್ಪಾಯ್ತು ಅಂದ. ಅವನ ಹೆಸರಿನಲ್ಲಿ, ಅವನ ಮುದ್ರೆ ಹಾಕಿ, ಖಂಡೇರಾವ್‌ನ ಸರದಾರರಿಗೆ ಸುಳ್ಳು ಕಾಗದ ಬರೆಸಿ, ಅವು ಖಂಡೇರಾವ್‌ನ ಕೈಗೇ ಸಿಗುವಂತೆ ಮಾಡಿದ. ತನ್ನವರೇ ತನ್ನನ್ನು ಹಿಡಿದುಕೊಡ್ತಾರೆ ಅಂತ ಹೆದರಿ ಖಂಡೇರಾವ್ ಓಡಿದ. 1761ರಲ್ಲಿ ಮೈಸೂರು ಹೈದರನ ಕೈಗೆ ಬಂತು.

ಇಲ್ಲಿಗೆ ನಿಲ್ಲಿಸಿದರೆ ಇದು ವ್ಯಕ್ತಿತ್ವ ವಿಕಸನದ ಭಾಷಣ ಆಗುತ್ತೆ. ಪೂರ್ತಿ ಕೇಳಿ ಸ್ವಾಮಿ. ಸಿಕ್ಕಿಬಿದ್ದ ಖಂಡೇರಾವ್‌ನನ್ನು ಹೈದರ್ ಕಬ್ಬಿಣದ ಪಂಜರದಲ್ಲಿಟ್ಟು, ಹಾಲು ಅನ್ನ ಹಾಕಿ, ಸಾಯುವವರೆಗೆ ಕೂಡಿಹಾಕಿದ. ಬಾಗಿಲಿಗೆ ಹೋಗಿ ತಲೆ ಬಗ್ಗಿಸುವುದನ್ನು ಕಲಿಸಿದ್ದು ಸೋಲು. ಪಂಜರ ಮಾಡಿಸುವುದನ್ನು ಕಲಿಸಿದ್ದೂ ಅದೇ ಸೋಲು. ಸೋಲು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡಿಬಿಡುತ್ತೆ ಅನ್ನೋದು ಸುಳ್ಳು. ಕಣ್ಣು ತೆರೆಸುತ್ತೆ, ಅಷ್ಟೇ. ಆ ಕಣ್ಣಲ್ಲಿ ಏನು ನೋಡ್ತೀರಿ ಅನ್ನೋದು ನಿಮಗೆ ಬಿಟ್ಟಿದ್ದು.

ಹೈದರನ ಸೋಲು ಅಲ್ಲಿಗೂ ಮುಗಿಯಲಿಲ್ಲ. 1771ರಲ್ಲಿ ಚಿನಕುರುಳಿಯಲ್ಲಿ ಮರಾಠರ ಎದುರು ಅವನ ಸೈನ್ಯ ಧೂಳೀಪಟವಾಯ್ತು. ಸಹಾಯಕ್ಕೆ ಬರ್ತೀವಿ ಅಂತ 1769ರಲ್ಲಿ ಒಪ್ಪಂದ ಮಾಡಿಕೊಂಡಿದ್ದ ಇಂಗ್ಲಿಷರು ಬರಲೇ ಇಲ್ಲ. ಹೈದರ್ ಅದನ್ನು ಮರೆಯಲಿಲ್ಲ. ಒಂಬತ್ತು ವರ್ಷ ಕಾದ. 1780ರಲ್ಲಿ ಪೊಳ್ಳಿಲೂರಿನಲ್ಲಿ ಅಪ್ಪ ಮಗ ಸೇರಿ ಇಂಗ್ಲಿಷರ ಒಂದು ಪಡೆಯನ್ನೇ ಮುಗಿಸಿದರು.

ಈಗ ಆ ಹುಡುಗನಿಗೆ ಒಂದು ಮಾತು. ನೀನು ಹೈದರ್ ಆಗ್ತೀಯ ಅಂತ ನಾನು ಹೇಳಲ್ಲ. ವಯಸ್ಸಿನ ಮಿತಿ ದಾಟಿದ್ದರೆ ಸೈನ್ಯದ ಬಾಗಿಲು ಮುಚ್ಚಿತು, ಅದರಲ್ಲೂ ಸುಳ್ಳು ಹೇಳಲ್ಲ. ಆದರೆ ಊರಿನ ಮೇಲೆ ತಪ್ಪು ಹಾಕಬೇಡಪ್ಪ. ನಿನ್ನ ಮನೆಯಿಂದ ಸ್ವಲ್ಪ ದೂರದಲ್ಲೇ ಅಕ್ಷರ ಬಾರದ, ಅಪ್ಪನಿಲ್ಲದ ಒಬ್ಬ ಹುಡುಗ ಹುಟ್ಟಿದ್ದ. ಸೋತಾಗ ಯಾರ ಬಾಗಿಲು ತಟ್ಟಬೇಕು ಅನ್ನೋದು ಅವನಿಗೆ ಗೊತ್ತಿತ್ತು. ನಾಚಿಕೆ ಬಿಟ್ಟು ತಟ್ಟಿದ. ನೀನೂ ತಟ್ಟು. ಪಂಜರ ಮಾತ್ರ ಮಾಡಿಸಬೇಡ.

ಯೋಚನೆ ಮಾಡಿ.