ಲೆಕ್ಕ ಒಪ್ಪಿಸುವ ಹೊಣೆ: ತೋನ್ಸೆ ಅನಂತ ಪೈ ಅವರ ಬಾಳು

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹುತ್ರಿದುರ್ಗದ ಸೀಮೆಯಲ್ಲಿ ಕಲೆತಿರುವ ನಾವು ನಮ್ಮ ದೇವಾಲಯಕ್ಕಾಗಿ ಕಾಸಿಗೆ ಕಾಸು ಕೂಡಿಸಿದ ಹಿರಿಯರನ್ನು ಇಂದು ನೆನೆಯುತ್ತಿದ್ದೇವೆ. ಈ ಸಂದರ್ಭದಲ್ಲಿ ದೂರದ ಕರಾವಳಿಯ, ಅನ್ಯ ಧರ್ಮದ ವ್ಯವಹಾರಸ್ಥರೊಬ್ಬರ ಬಾಳನ್ನು ಏಕೆ ಎತ್ತಿಕೊಂಡೆವೆಂದು ಕೆಲವರಿಗೆ ಅನಿಸಬಹುದು. ಪರರ ಹಣವನ್ನು ಕೈಯಲ್ಲಿ ಹಿಡಿದವನು ಹೇಗೆ ನಡೆಯಬೇಕು, ಜನರ ಹೆಸರಿನಲ್ಲಿ ಪದವಿಗೇರಿದವನು ಯಾರಿಗೆ ಉತ್ತರ ಹೇಳಬೇಕು ಎಂಬ ಎರಡು ಪ್ರಶ್ನೆಗಳು ಅವರ ಬಾಳಿನಲ್ಲಿ ಒಂದಾಗಿ ಎದುರಾದವು. ಸಂಘ ಸಂಸ್ಥೆಗಳನ್ನು ನಡೆಸುವ ನಮಗೂ ಆ ಪ್ರಶ್ನೆಗಳು ಹೊರತಲ್ಲ. ಆದುದರಿಂದ ಟಿ. ಎ. ಪೈ ಎಂದೇ ನಾಡು ಬಲ್ಲ ತೋನ್ಸೆ ಅನಂತ ಪೈ ಅವರನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಅವರು ಹುಟ್ಟಿದ್ದು 1922ರ ಜನವರಿ 17ರಂದು. ಅವರಿಗೆ ಮೂರು ವರ್ಷ ತುಂಬಿದ ವರ್ಷ, ಅಂದರೆ 1925ರಲ್ಲಿ, ಉಡುಪಿಯಲ್ಲಿ ಒಂದು ಚಿಕ್ಕ ಬ್ಯಾಂಕು ಹುಟ್ಟಿತು. ವ್ಯಾಪಾರಿಗಳಾದ ಉಪೇಂದ್ರ ಪೈ, ಅವರ ತಮ್ಮ ಡಾಕ್ಟರ್ ಟಿ. ಎಂ. ಎ. ಪೈ ಹಾಗೂ ಇಂಜಿನಿಯರ್ ವಾಮನ ಕುಡ್ವ ಅವರು ಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 8,000 ರೂಪಾಯಿ ಬಂಡವಾಳದಿಂದ ಅದನ್ನು ಕಟ್ಟಿದರು. 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಬ್ಯಾಂಕಿನ ಮೆಟ್ಟಿಲೇರಲು ಅಂಜುವ ಬಡವನ ಬಾಗಿಲಿಗೆ ಬ್ಯಾಂಕಿನವನೇ ಹೋಗಿ, ದಿನಕ್ಕೆ ಎರಡಾಣೆ ಪಡೆದು, ಪುಸ್ತಕದಲ್ಲಿ ಬರೆದುಕೊಡುವ ಕ್ರಮವದು. ಹಣ ಕೊಟ್ಟವನು ಮರುದಿನವೂ ಅದೇ ಬಾಗಿಲಲ್ಲಿ ನಿಂತಿರುತ್ತಾನೆ. ಲೆಕ್ಕದಲ್ಲಿ ಒಂದಾಣೆ ತಪ್ಪಿದರೂ ಕೇಳುತ್ತಾನೆ. ಇಂಥ ಲೆಕ್ಕದ ಶಿಸ್ತಿನಲ್ಲಿ ಬೆಳೆದವರು ಟಿ. ಎ. ಪೈ.

ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆಯ ಚುಕ್ಕಾಣಿ ಅವರ ಕೈಗೆ ಬಂದಿತು. ಮಳೆ ನಂಬಿದ ಒಕ್ಕಲು ಮಕ್ಕಳಿಗೆ ಸಾಲ ಕೊಟ್ಟರೆ ಹಿಂದಿರುಗಿ ಬಾರದೆಂದು ಇತರ ಬ್ಯಾಂಕುಗಳು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ಬೆಳೆ ಸಾಲಕ್ಕೂ ಪಂಪುಸೆಟ್ಟಿಗೂ ಹಣ ಒದಗಿಸುವ ದಾರಿ ತೆರೆದರು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯೊಂದು ಆರಂಭವಾಯಿತು. ಆ ದಿನಗಳಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾಗಿ ಸರ್ಕಾರ ಆರಿಸಿದುದು ಇವರನ್ನೇ. ದೇಶ ಬರಗಾಲದಿಂದ ತತ್ತರಿಸುತ್ತಿದ್ದಾಗ ಧಾನ್ಯ ಕೊಳ್ಳುವ, ಕೂಡಿಡುವ, ಕೊರತೆಯ ಪ್ರಾಂತಗಳಿಗೆ ಸಾಗಿಸುವ ಭಾರ ಆ ನಿಗಮದ ಮೇಲಿತ್ತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ಮನೆತನ ಕಟ್ಟಿದ ಸಂಸ್ಥೆ ಸರ್ಕಾರದ ಸೊತ್ತಾದಾಗ ಅವರು ಮುನಿದು ದೂರ ನಿಲ್ಲಲಿಲ್ಲ. ಅದರ ಕಸ್ಟೋಡಿಯನ್ ಆಗಿ ದುಡಿದರು. ಬಳಿಕ ಜೀವ ವಿಮಾ ನಿಗಮದ ಅಧ್ಯಕ್ಷರಾದರು.

1972ರಲ್ಲಿ ಅವರು ರಾಜ್ಯಸಭೆಯನ್ನು ಪ್ರವೇಶಿಸಿದರು. 59 ವರ್ಷಗಳ ಬಾಳಿನಲ್ಲಿ ಸಂಸತ್ತಿಗೆ ಸಂದುದು ಎಂಟು ವರ್ಷಗಳಿಗೂ ಕಡಿಮೆ. ಕೆಲವು ತಿಂಗಳು ರೈಲ್ವೆ ಮಂತ್ರಿಗಳಾಗಿದ್ದು, ನಂತರ ಕೈಗಾರಿಕಾ ಖಾತೆಗಳನ್ನು ವಹಿಸಿಕೊಂಡರು. ಅವರ ನಿಜವಾದ ಪರೀಕ್ಷೆ ನಡೆದುದು ಅಲ್ಲಿಯೇ.

1975ರಲ್ಲಿ ಮಾರುತಿ ಕಾರು ಕಂಪನಿಯ ಯಂತ್ರೋಪಕರಣಗಳ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. ಪ್ರಧಾನಿ ಇಂದಿರಾ ಗಾಂಧಿಯವರ ಮಗ ಸಂಜಯ ಗಾಂಧಿಯವರು ಆ ಕಂಪನಿಯನ್ನು ನಡೆಸುತ್ತಿದ್ದರು. ಸದನಕ್ಕೆ ಉತ್ತರ ಕೊಡಬೇಕಾದರೆ ಮಾಹಿತಿ ಬೇಕು. ನಾಲ್ವರು ಅಧಿಕಾರಿಗಳು ತಮ್ಮ ಕರ್ತವ್ಯವೆಂದು ಅದನ್ನು ಸಂಗ್ರಹಿಸಲು ಹೊರಟರು. ಅದಕ್ಕಾಗಿಯೇ ಅವರ ಮೇಲೆ ಸಿ.ಬಿ.ಐ. ತನಿಖೆ ಬಿದ್ದಿತು, ಮನೆಗಳ ಶೋಧನೆ ನಡೆಯಿತು. ಮಂತ್ರಿಯಾಗಿದ್ದ ಪೈ ಅವರಿಗೆ ಅವರನ್ನು ಕಾಪಾಡಲಾಗಲಿಲ್ಲ. ಕೆಲವೇ ವಾರಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಅವರು 1977ರ ಮಾರ್ಚಿಯವರೆಗೂ ಮಂತ್ರಿಮಂಡಲದಲ್ಲಿ ಮುಂದುವರಿದರು. ಅಂದೇ ಏಕೆ ರಾಜೀನಾಮೆ ಕೊಡಲಿಲ್ಲವೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಹಿರಿಯರನ್ನು ನೆನೆಯುವಾಗ ಅವರ ಬಾಳಿನ ಕಠಿಣ ಪುಟಗಳನ್ನು ಮುಚ್ಚಿಡುವುದು ಗೌರವವಲ್ಲ.

1977ರ ಚುನಾವಣೆಯಲ್ಲಿ ಅವರು ಉಡುಪಿಯಿಂದ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಲೋಕಸಭೆಗೆ ಆರಿಸಿಬಂದರು. ಆದರೆ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಲು ನೇಮಕವಾದ ಷಾ ಆಯೋಗ ಕರೆದಾಗ ಪಕ್ಷದ ಮರೆಯಲ್ಲಿ ಮೌನವಾಗಿ ಕುಳಿತುಕೊಳ್ಳಲಿಲ್ಲ. ಪ್ರಧಾನಿಯವರು ಆ ಅಧಿಕಾರಿಗಳ ಮೇಲೆ ಕುಪಿತರಾದುದನ್ನೂ, ತನಿಖೆಗೆ ಸೂಚನೆ ಹೋದ ಬಗೆಯನ್ನೂ ತಾವು ಕಂಡಂತೆ ಸಾಕ್ಷ್ಯದಲ್ಲಿ ನುಡಿದರು. ಕರ್ತವ್ಯ ಮಾಡಿದ್ದಕ್ಕಾಗಿ ಕಿರುಕುಳಕ್ಕೆ ಒಳಗಾದ ಅಧಿಕಾರಿಗಳ ನಿರ್ದೋಷಿತನಕ್ಕೆ ಆ ಮಾತು ಆಸರೆಯಾಯಿತು. ಲೆಕ್ಕ ತಡವಾಗಿ ಸಂದಿತೆನ್ನಬಹುದು, ಆದರೆ ಸಂದಿತು.

1979ರ ಆಗಸ್ಟಿನಲ್ಲಿ ಆ ಲೋಕಸಭೆ ವಿಸರ್ಜನೆಗೊಂಡಿತು. 1981ರ ಮೇ 29ರಂದು ಪೈ ಅವರು ತೀರಿಕೊಂಡರು. ಸಿಂಡಿಕೇಟ್ ಬ್ಯಾಂಕೂ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1980ರಲ್ಲಿ ಮಣಿಪಾಲದಲ್ಲಿ ಆರಂಭವಾದ ವ್ಯವಸ್ಥಾಪನಾ ಶಿಕ್ಷಣ ಸಂಸ್ಥೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಸಹೋದರ ಸಹೋದರಿಯರೇ, ನಮ್ಮಲ್ಲಿ ಸಂಸತ್ತಿಗೆ ಹೋಗುವವರು ವಿರಳ. ಆದರೆ ಉಳಿತಾಯದ ಗುಂಪಿನ ಪುಸ್ತಕ ಬರೆಯುವ ತಾಯಿ, ಹಾಲಿನ ಸಂಘದ ಕಾರ್ಯದರ್ಶಿ, ಪಂಚಾಯಿತಿಯ ಸದಸ್ಯ, ಹಬ್ಬದ ವಂತಿಗೆ ಎತ್ತುವ ತರುಣ, ಇವರೆಲ್ಲರ ಕೈಯಲ್ಲಿಯೂ ಪರರ ಹಣ ಮತ್ತು ಪರರ ನಂಬಿಕೆ ಇದೆ. ಕೇಳುವವನು ಬಡವನಾದರೂ ಪುಸ್ತಕ ತೆರೆದು ತೋರಿಸೋಣ. ಲೆಕ್ಕ ಕೇಳಿದವನನ್ನು ವೈರಿಯೆಂದು ಎಣಿಸದಿರೋಣ. ನಮ್ಮ ಮಾತಿನಿಂದ ನಿರ್ದೋಷಿಯೊಬ್ಬನು ಉಳಿಯುವಂತಿದ್ದರೆ, ಆ ಮಾತನ್ನು ನಾಳೆಗೆ ಇಡದೆ ಇಂದೇ ಆಡೋಣ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಸಮುದಾಯ ಈ ಶಿಸ್ತನ್ನು ಮೈಗೂಡಿಸಿಕೊಳ್ಳಲೆಂದು ಹಾರೈಸುತ್ತೇವೆ.